ಅಯೋಡಿನ್ ಹಾಕಿದರೂ ಈರುಳ್ಳಿ ಪೊರೆಯಲ್ಲಿ ಕೋಶಕೇಂದ್ರ ಕಾಣುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಪೊರೆ_ಬಿಡಿಸೋರು

10 ಎಕ್ಸ್ ಐಪೀಸ್, 10 ಮತ್ತು 40 ಎಕ್ಸ್ ಆಬ್ಜೆಕ್ಟಿವ್ ಇರುವ ಸಾಧಾರಣ ಸೂಕ್ಷ್ಮದರ್ಶಕ. ಈರುಳ್ಳಿ ಪೊರೆಗೆ ಅಯೋಡಿನ್ ಹಾಕಿದ ಸ್ಲೈಡ್. ಕೋಶಗಳ ಗೋಡೆ ಇಟ್ಟಿಗೆ ಜೋಡಿಸಿದ ಹಾಗೆ ಚೆನ್ನಾಗಿಯೇ ಕಾಣುತ್ತಿದೆ. ಕೋಶಕೇಂದ್ರ ಮಾತ್ರ ಹತ್ತರಲ್ಲಿ ಎರಡು ಕೋಶಗಳಲ್ಲಿ ಮಸುಕಾಗಿದೆ, ಉಳಿದವುಗಳಲ್ಲಿ ಇಲ್ಲವೇ ಇಲ್ಲ. ನಡುನಡುವೆ ಕಪ್ಪು ಅಂಚಿನ ದುಂಡನೆಯ ದೊಡ್ಡ ಆಕಾರಗಳಿವೆ, ಅವೇ ಕೋಶಕೇಂದ್ರವಾ? ಇದೇ ಸ್ಲೈಡಿಗೆ ಉಪ್ಪುನೀರು ಬಿಟ್ಟು ಹತ್ತು ನಿಮಿಷ ಕಾದರೂ ಒಳಗಿನದ್ದು ಕುಗ್ಗಲಿಲ್ಲ. ಇದಾದ ಮೇಲೆ ಕೆನ್ನೆ ಕೋಶ, ಜೊಲ್ಲು ಮತ್ತು ಪಿಷ್ಟ, ಸುಣ್ಣದ ತಿಳಿನೀರು, ಇಷ್ಟು ಪ್ರಯೋಗಗಳು ಬಾಕಿ ಇವೆ.

ಮಸೂರ_40

ಕಪ್ಪು ಅಂಚಿನ ದುಂಡನೆಯವು ಗಾಳಿಗುಳ್ಳೆಗಳು. ಪಕ್ಕಾ ವೃತ್ತ, ದಪ್ಪ ಕಪ್ಪು ಅಂಚು, ನಡುವೆ ಏನೂ ಇಲ್ಲದ ಬೆಳಕು: ಈ ಮೂರೂ ಇದ್ದರೆ ಬೇರೆ ಯೋಚನೆ ಬೇಡ. ಕೋಶಕೇಂದ್ರ ಅಷ್ಟು ದೊಡ್ಡದಿರುವುದಿಲ್ಲ, ಒಂದು ಕೋಶದ ಅಗಲದೊಳಗೇ ಇರುತ್ತದೆ. ಗುಳ್ಳೆ ಎರಡು ಮೂರು ಕೋಶಗಳ ಮೇಲೆ ಒಟ್ಟಿಗೆ ಹಬ್ಬಿರುತ್ತದೆ.

ಪೊರೆ ತೆಗೆಯುವುದರಲ್ಲೇ ಅರ್ಧ ಕೆಲಸ ಇದೆ. ಈರುಳ್ಳಿಯನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ, ಹೊರಗಿನ ಒಣ ಪದರ ಬಿಟ್ಟು ಒಳಗಿನ ರಸವತ್ತಾದ ಒಂದು ಪದರ ಬಿಡಿಸಿಕೊಳ್ಳಿ. ಅದರ ತಗ್ಗಿನ ಮೈ, ಅಂದರೆ ಈರುಳ್ಳಿಯ ನಡುವಿನ ಕಡೆಗೆ ತಿರುಗಿರುವ ಮೈ, ನಿಮಗೆ ಬೇಕಾದದ್ದು. ಆ ಮೈ ಮೇಲೆ ಬ್ಲೇಡಿನಿಂದ ಸುಮಾರು 5 ಮಿಲಿಮೀಟರ್ ಚೌಕ ಗೀರಿ, ಒಂದು ಮೂಲೆಯನ್ನು ಚಿಮುಟದಲ್ಲಿ ಹಿಡಿದು ಎಳೆದರೆ ತೆಳ್ಳಗಿನ ಪೊರೆ ತಾನಾಗಿ ಬರುತ್ತದೆ. ಅದು ಒಂದೇ ಕೋಶದಷ್ಟು ದಪ್ಪ. ಕೆಳಗಿನ ತಿರುಳೂ ಸೇರಿ ಬಂದರೆ ಎರಡು ಮೂರು ಪದರ ಒಂದರ ಮೇಲೊಂದು ಕೂತು ಗೋಡೆಗಳ ಗೆರೆ ಮಾತ್ರ ಉಳಿಯುತ್ತದೆ, ಒಳಗಿನದ್ದು ಮುಚ್ಚಿಹೋಗುತ್ತದೆ. ಪೊರೆಯನ್ನು ಬೆಳಕಿಗೆ ಹಿಡಿದಾಗ ಎಲ್ಲಾ ಕಡೆ ಒಂದೇ ಸಮ ಪಾರದರ್ಶಕವಾಗಿರಬೇಕು. ಬೆಳ್ಳಗೆ ಮೋಡ ಕವಿದಂತಿರುವ ಜಾಗವನ್ನು ಕತ್ತರಿಸಿ ಬಿಸಾಡಿ.

ಕಿತ್ತ ತಕ್ಷಣ ವಾಚ್ ಗ್ಲಾಸಿನ ನೀರಿಗೆ ಹಾಕಿ. ಗಾಳಿಯಲ್ಲಿ ಅರ್ಧ ನಿಮಿಷ ಬಿಟ್ಟರೂ ಸುರುಳಿ ಸುತ್ತಿಕೊಳ್ಳುತ್ತದೆ, ಸುರುಳಿಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸ್ಲೈಡಿನ ಮೇಲೆ ಮೊದಲು ಒಂದು ಹನಿ, ಆಮೇಲೆ ಪೊರೆ. ಎರಡು ಸೂಜಿಯಿಂದ ಮಡಿಕೆ ಬಿಡಿಸಿ. ಕವರ್‌ಸ್ಲಿಪ್ಪಿನ ಒಂದು ಅಂಚು ಹನಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದು ಸೂಜಿಯ ಆಧಾರದಲ್ಲಿ ಮೆಲ್ಲಗೆ ಇಳಿಸಿ. ಮೇಲಿಂದ ನೇರ ಬೀಳಿಸಿದರೆ ಗುಳ್ಳೆ ಗ್ಯಾರಂಟಿ.

ಇನ್ನು ಬೆಳಕು. ಹೆಚ್ಚಿನವರು ಕಾಣುತ್ತಿಲ್ಲ ಎಂದ ಕೂಡಲೇ ಬೆಳಕು ಹೆಚ್ಚಿಸುತ್ತಾರೆ, ಅದು ಉಲ್ಟಾ ಕೆಲಸ. ವೇದಿಕೆಯ ಕೆಳಗಿನ ಡಯಾಫ್ರಂ (ಬೆಳಕಿನ ಕಿಂಡಿ) ಅರ್ಧಕ್ಕಿಂತ ಹೆಚ್ಚು ಮುಚ್ಚಿ ನೋಡಿ. ತೆಳು ಬಣ್ಣದ ಕೋಶಕೇಂದ್ರ ಆಗ ಎದ್ದು ಬರುತ್ತದೆ.

ಹನಿ_ಡ್ರಾಪರ್

ಅಯೋಡಿನ್ ದ್ರಾವಣವನ್ನೂ ಒಮ್ಮೆ ಪರೀಕ್ಷಿಸಿ. ಅಯೋಡಿನ್ ಬರೀ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಮೊದಲು 2 ಗ್ರಾಂ ಪೊಟಾಸಿಯಂ ಅಯೋಡೈಡನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಪೂರ್ತಿ ಕರಗುವ ತನಕ ಅಲುಗಿಸಿ, ಆಮೇಲಷ್ಟೇ 300 ಮಿಲಿಲೀಟರಿಗೆ ನೀರು ತುಂಬಿಸಬೇಕು. ಕ್ರಮ ತಪ್ಪಿಸಿ ಎಲ್ಲವನ್ನೂ 300 ಮಿಲಿಲೀಟರ್ ನೀರಿಗೆ ಒಟ್ಟಿಗೆ ಸುರಿದರೆ ಅಯೋಡಿನ್ ಹರಳು ತಳದಲ್ಲೇ ಉಳಿದು, ಮೇಲೆ ತೆಳು ಹಳದಿ ನೀರು ಸಿಗುತ್ತದೆ. ಅದರಿಂದ ಕೋಶಕೇಂದ್ರಕ್ಕೆ ಬಣ್ಣ ಹಿಡಿಯುವುದಿಲ್ಲ. ಬಾಟಲಿ ಬಣ್ಣದ ಗಾಜಿನದಾಗಿರಲಿ, ಮುಚ್ಚಳ ಬಿಗಿಯಾಗಿರಲಿ.

ಬಣ್ಣ ಹಿಡಿಯಲು 2-3 ನಿಮಿಷ ಬಿಡಿ. ಹಾಕಿದ ಕೂಡಲೇ ನೋಡಿದರೆ ಎಲ್ಲವೂ ಒಂದೇ ಹಳದಿ. ಸಮಯ ಕೊಟ್ಟರೆ ಕೋಶಕೇಂದ್ರ ಸುತ್ತಲಿನದಕ್ಕಿಂತ ಗಾಢವಾಗುತ್ತದೆ.

ಸಫ್ರಾನಿನ್ ಎಂಬ ಕೆಂಪು ಬಣ್ಣ ಇದ್ದರೆ 1% ದ್ರಾವಣದ ಒಂದು ಹನಿಯಲ್ಲಿ ಅರ್ಧ ನಿಮಿಷ ಇಟ್ಟು ನೀರಿನಲ್ಲಿ ತೊಳೆದುಬಿಡಿ. ತೊಳೆಯದಿದ್ದರೆ ಇಡೀ ಪೊರೆ ಕೆಂಪು ಕಾಗದದ ಹಾಗೆ ಕಾಣುತ್ತದೆ.

ರಸದಾನಿ

ಇಬ್ಬರೂ ಹೇಳಿದ್ದು ಸರಿ. ಆದರೆ ಹತ್ತರಲ್ಲಿ ಎರಡರಲ್ಲಿ ಮಾತ್ರ ಕಾಣುವುದಕ್ಕೆ ಇನ್ನೊಂದು ಕಾರಣ ಇದೆ. ಈರುಳ್ಳಿ ಕೋಶದ ಒಳಗಿನ ಜಾಗವನ್ನೆಲ್ಲ ಒಂದೇ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಆಕ್ರಮಿಸಿರುತ್ತದೆ. ಕೋಶದ್ರವ್ಯ ಗೋಡೆಗೆ ಅಂಟಿದ ತೆಳು ಪದರ ಅಷ್ಟೇ, ಕೋಶಕೇಂದ್ರ ಆ ಪದರದಲ್ಲಿ ಸಿಕ್ಕಿಕೊಂಡಿರುತ್ತದೆ. ಪಕ್ಕದ ಗೋಡೆಗೆ ಒತ್ತಿಕೊಂಡಿದ್ದರೆ ಅಂಚಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಮೇಲಿನ ಅಥವಾ ಕೆಳಗಿನ ಗೋಡೆಗೆ ಅಂಟಿದ್ದರೆ ನಡುವೆ ದುಂಡಗೆ ಕಾಣುತ್ತದೆ. 40 ಎಕ್ಸ್‌ನಲ್ಲಿ ಒಂದು ಸಲಕ್ಕೆ ತೆಳುವಾದ ಒಂದು ಮಟ್ಟ ಮಾತ್ರ ಸ್ಪಷ್ಟ. ನೀವು ಗೋಡೆಯ ಮಟ್ಟಕ್ಕೆ ಫೋಕಸ್ ನಿಲ್ಲಿಸಿದ್ದೀರಿ, ಕೋಶಕೇಂದ್ರ ಅದರ ಮೇಲೋ ಕೆಳಗೋ ಇದೆ. ಒಂದು ಕೋಶವನ್ನು ನಡುವಿಗೆ ತಂದು ಸೂಕ್ಷ್ಮ ತಿರುಪನ್ನು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ನಿಧಾನವಾಗಿ ತಿರುಗಿಸುತ್ತಾ ಹೋಗಿ, ಒಂದೊಂದಾಗಿ ಸಿಗುತ್ತವೆ. ದೊಡ್ಡ ತಿರುಪನ್ನು 40 ಎಕ್ಸ್‌ನಲ್ಲಿ ಮುಟ್ಟಲೇಬೇಡಿ, ಮಸೂರ ಕವರ್‌ಸ್ಲಿಪ್ಪಿಗೆ ಬಡಿಯುತ್ತದೆ.

ಉಪ್ಪುನೀರಿನ ವಿಷಯ. ಅಯೋಡಿನ್ ಹಾಕಿದ ಪೊರೆ ಕುಗ್ಗುವುದಿಲ್ಲ, ಯಾಕೆಂದರೆ ಆ ಕೋಶಗಳು ಸತ್ತಿವೆ. ಸತ್ತ ಕೋಶದ ಪೊರೆಗೆ ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಶಕ್ತಿ ಇರುವುದಿಲ್ಲ, ಎರಡೂ ಕಡೆ ಸಮವಾಗಿಬಿಡುತ್ತದೆ. ಅಭಿಸರಣಕ್ಕೆ, ಅಂದರೆ ಕೋಶಪೊರೆಯ ಮೂಲಕ ನೀರು ಹೊರಹೋಗಿ ಒಳಬರುವುದನ್ನು ನೋಡಲು, ಹೊಸ ಪೊರೆ, ಬಣ್ಣ ಹಾಕದ್ದು, ಬೇಕು. ಬಣ್ಣವಿಲ್ಲದೆ ಹೇಗೆ ಕಾಣುವುದು ಅಂದರೆ ಕೆಂಪು ಈರುಳ್ಳಿ ತೆಗೆದುಕೊಳ್ಳಿ. ಅದರ ಪದರದ ಉಬ್ಬಿದ ಹೊರಮೈ ಪೊರೆಯ ರಸದಾನಿಯಲ್ಲೇ ನೇರಳೆ ಬಣ್ಣ ಇರುತ್ತದೆ. ಅಲ್ಲಿನ ಪೊರೆ ತಗ್ಗಿನ ಮೈಯಷ್ಟು ಸಲೀಸಾಗಿ ಬರುವುದಿಲ್ಲ, ಚೂರು ಚೂರಾಗಿ ಬಂದರೂ ಸಾಕು.

ಮೊದಲು ನೀರಿನಲ್ಲಿ ನೋಡಿ: ನೇರಳೆ ಬಣ್ಣ ಗೋಡೆಯಿಂದ ಗೋಡೆಗೆ ತುಂಬಿರುತ್ತದೆ. ನಂತರ ಕವರ್‌ಸ್ಲಿಪ್ಪಿನ ಒಂದು ಬದಿಗೆ 5% ಉಪ್ಪುನೀರು (100 ಮಿಲಿಲೀಟರಿಗೆ 5 ಗ್ರಾಂ) ಒಂದು ಹನಿ, ಎದುರು ಬದಿಗೆ ಬ್ಲಾಟಿಂಗ್ ಪೇಪರ್ ತುದಿ. ಪೇಪರ್ ಹೀರುತ್ತಿದ್ದಂತೆ ಉಪ್ಪುನೀರು ಒಳಗೆ ಹರಿಯುತ್ತದೆ. ಇನ್ನೊಂದೆರಡು ಹನಿ ಕೊಡಿ. ಮೂಲೆಗಳಲ್ಲಿ ಮೊದಲು ಬಿಳಿ ಸಂದು ಕಾಣಿಸುತ್ತದೆ, ಬಣ್ಣ ಮೂಲೆ ಬಿಟ್ಟು ದುಂಡಗಾಗುತ್ತದೆ, ಕೆಲವು ನಿಮಿಷಗಳಲ್ಲಿ ನೇರಳೆ ಮುದ್ದೆ ಗೋಡೆಯಿಂದ ಪೂರಾ ಕಳಚಿ ನಡುವೆ ನಿಲ್ಲುತ್ತದೆ. ಬಣ್ಣದ ವಸ್ತು ಅಷ್ಟೇ ಇದ್ದು ನೀರು ಕಡಿಮೆಯಾದ್ದರಿಂದ ಬಣ್ಣ ಗಾಢವಾಗುವುದನ್ನೂ ಗಮನಿಸಿ. ಹಾಗೇ ಬದಿಯಿಂದ ಶುದ್ಧ ನೀರು ಹರಿಸಿದರೆ ಮುದ್ದೆ ಮತ್ತೆ ಹಿಗ್ಗಿ ಗೋಡೆಗೆ ತಾಗುತ್ತದೆ. ತುಂಬಾ ಹೊತ್ತು ಉಪ್ಪಿನಲ್ಲಿ ಬಿಟ್ಟರೆ ವಾಪಸ್ ಬರುವುದಿಲ್ಲ.

1% ಉಪ್ಪುನೀರು ಹಾಕಿ ಫಲಿತಾಂಶ ಕಾಯಬೇಡಿ. ಅದು ಕೋಶರಸದ ಸಾಂದ್ರತೆಯ ಆಸುಪಾಸಿನಲ್ಲೇ ಇರುತ್ತದೆ.

ಪೊರೆ_ಬಿಡಿಸೋರು

ಅಯೋಡಿನ್ ಕೋಶವನ್ನು ಕೊಲ್ಲುತ್ತದೆ ಅನ್ನೋದು ಹೊಳೆದಿರಲಿಲ್ಲ. ಎರಡು ಪ್ರಶ್ನೆ. ಗೋಡೆಗೂ ಕುಗ್ಗಿದ ಮುದ್ದೆಗೂ ನಡುವಿನ ಖಾಲಿ ಜಾಗದಲ್ಲಿ ಏನಿರುತ್ತದೆ, ಗಾಳಿಯಾ? ಮತ್ತೆ, ಈರುಳ್ಳಿಗೆ ಅಯೋಡಿನ್ ಹಾಕಿದಾಗ ಪಿಷ್ಟದಿಂದ ನೀಲಿ ಕಪ್ಪು ಬಣ್ಣ ಬರುತ್ತದೆ ಎಂದು ಕೆಲವು ಟಿಪ್ಪಣಿಗಳಲ್ಲಿ ಇದೆ. ಇಲ್ಲಿ ಬಂದದ್ದು ಹಳದಿ ಕಂದು ಮಾತ್ರ.

ರಸದಾನಿ

ಗಾಳಿ ಅಲ್ಲ, ಉಪ್ಪುನೀರೇ. ಕೋಶಭಿತ್ತಿ (ಗೋಡೆ) ನೀರು, ಉಪ್ಪು ಎರಡನ್ನೂ ಸರಾಗ ಬಿಡುತ್ತದೆ. ಆಯ್ಕೆ ಮಾಡುವುದು ಕೋಶಪೊರೆ. ಇದೇ ಪ್ರಶ್ನೆಯನ್ನು ಪರೀಕ್ಷೆಗಳಲ್ಲಿ ತಿರುಗಿಸಿ ಮುರುಗಿಸಿ ಕೇಳುತ್ತಾರೆ, ಗಾಳಿ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಟಿಪ್ಪಣಿ ತಪ್ಪು, ನಿಮ್ಮ ಸ್ಲೈಡ್ ಸರಿ. ಈರುಳ್ಳಿ ತನ್ನ ಪದರಗಳಲ್ಲಿ ಪಿಷ್ಟವನ್ನಲ್ಲ, ಸಕ್ಕರೆ ಮತ್ತು ಫ್ರಕ್ಟಾನ್‌ಗಳನ್ನು (ಫ್ರಕ್ಟೋಸ್ ಸಕ್ಕರೆಯ ಸರಪಳಿಗಳನ್ನು) ಕೂಡಿಡುತ್ತದೆ. ನೀಲಿ ಕಪ್ಪು ಬೇಕಿದ್ದರೆ ಆಲೂಗಡ್ಡೆ ತುಂಡನ್ನು ಬ್ಲೇಡಿನಿಂದ ಲಘುವಾಗಿ ಕೆರೆದು ಆ ರಸವನ್ನು ಸ್ಲೈಡಿಗೆ ಹಚ್ಚಿ, ದುರ್ಬಲ ಅಯೋಡಿನ್ ಬಿಡಿ. ಮೊಟ್ಟೆಯಾಕಾರದ ಕಣಗಳು ಒಂದೊಂದಾಗಿ ನೀಲಿಯಾಗುತ್ತವೆ. ಇನ್ನೊಂದು ಮಾತು: ಈರುಳ್ಳಿ ಪೊರೆಯಲ್ಲಿ ಕ್ಲೋರೋಪ್ಲಾಸ್ಟ್ ಹುಡುಕಬೇಡಿ. ಚಿತ್ರ ಬರೆಯುವಾಗ ಅಭ್ಯಾಸಬಲದಿಂದ ಹಸಿರು ಚುಕ್ಕೆ ಇಡುವವರಿದ್ದಾರೆ.

ಮಸೂರ_40

ಬಣ್ಣ ಹಾಕುವ ಮುಂಚೆ ಒಂದು ಪೊರೆಯನ್ನು ಬರೀ ನೀರಿನಲ್ಲಿ ಇಟ್ಟು 400 ಪಟ್ಟಿನಲ್ಲಿ, ಡಯಾಫ್ರಂ ಚೆನ್ನಾಗಿ ಮುಚ್ಚಿ, ಗೋಡೆಯ ಪಕ್ಕದ ಅಂಚನ್ನೇ ಎರಡು ನಿಮಿಷ ನೋಡಿ. ಸಣ್ಣ ಸಣ್ಣ ಕಣಗಳು ಸಾಲು ಹಿಡಿದು ಗೋಡೆಯುದ್ದಕ್ಕೂ ಸಾಗುತ್ತಿರುತ್ತವೆ. ಅದು ಕೋಶದ್ರವ್ಯದ ಹರಿವು. ಒಂದೇ ಜಾಗದಲ್ಲಿ ನಡುಗುವ ಕಣ ಬೇರೆ, ದಿಕ್ಕು ಹಿಡಿದು ಹೋಗುವ ಕಣ ಬೇರೆ. ಅಯೋಡಿನ್ ಬಿಟ್ಟರೆ ಹರಿವು ನಿಲ್ಲುತ್ತದೆ. ಕೋಶ ಸತ್ತಿತು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಶಾಲಾ ಸೂಕ್ಷ್ಮದರ್ಶಕದಲ್ಲಿ ಸಿಗದು.

ಅಳತೆಯನ್ನೂ ಮಾಡಿಬಿಡಿ, ಕಷ್ಟ ಇಲ್ಲ. ಐಪೀಸ್ ಮೇಲೆ 10 ಎಕ್ಸ್ ಪಕ್ಕ 18 ಎಂದೋ 20 ಎಂದೋ ಇನ್ನೊಂದು ಅಂಕಿ ಇದ್ದರೆ, ಅದನ್ನು ಆಬ್ಜೆಕ್ಟಿವ್ ಪಟ್ಟಿನಿಂದ ಭಾಗಿಸಿದರೆ ಕಾಣುವ ವೃತ್ತದ ವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 18 ಇದ್ದರೆ 10 ಎಕ್ಸ್‌ನಲ್ಲಿ 1.8, 40 ಎಕ್ಸ್‌ನಲ್ಲಿ 0.45 ಮಿಲಿಮೀಟರ್. 10 ಎಕ್ಸ್‌ನಲ್ಲಿ ವೃತ್ತದ ಅಡ್ಡಕ್ಕೆ ಉದ್ದುದ್ದ 6 ಕೋಶ ಹಿಡಿದರೆ ಒಂದೊಂದೂ 0.3 ಮಿಲಿಮೀಟರ್. ಅಂಕಿ ಇಲ್ಲದಿದ್ದರೆ ಪಾರದರ್ಶಕ ಸ್ಕೇಲನ್ನು ವೇದಿಕೆ ಮೇಲಿಟ್ಟು ಕಡಿಮೆ ಪಟ್ಟಿನಲ್ಲಿ ಗೆರೆ ಎಣಿಸಿ.

ಹನಿ_ಡ್ರಾಪರ್

ಕೆನ್ನೆ ಕೋಶಕ್ಕೆ ಬರೋಣ. ಬಾಯಿ ಚೆನ್ನಾಗಿ ಮುಕ್ಕಳಿಸಿ. ಹೊಸ ಹತ್ತಿ ಕಡ್ಡಿಯನ್ನು ಕೆನ್ನೆಯ ಒಳಮೈ ಮೇಲೆ ಒಂದಷ್ಟು ಸಲ ಉರುಳಿಸಿದರೆ ಸಾಕು, ಉಜ್ಜಿ ರಕ್ತ ಬರಿಸುವ ಅಗತ್ಯ ಇಲ್ಲ. ಮೇಲಿನ ಕೋಶಗಳು ತಾವೇ ಉದುರಲು ಕಾದಿರುತ್ತವೆ. ಸ್ಲೈಡಿನ ಮೇಲೆ 0.9% ಉಪ್ಪುನೀರಿನ ಸಣ್ಣ ಹನಿ, ಅದರಲ್ಲಿ ಕಡ್ಡಿಯನ್ನು ಹರಡಿ ಸವರಿ. ಒಂದೇ ಜಾಗದಲ್ಲಿ ತಿರುವಿದರೆ ಕೋಶಗಳು ಗುಡ್ಡೆಯಾಗಿ ಕೂರುತ್ತವೆ, ಗುಡ್ಡೆಯೊಳಗೆ ಏನೂ ಕಾಣದು. ಮೆಥಿಲೀನ್ ಬ್ಲೂ ಒಂದು ಸಣ್ಣ ಹನಿ, ಒಂದೆರಡು ನಿಮಿಷ, ಕವರ್‌ಸ್ಲಿಪ್, ಹೆಚ್ಚಿನ ಬಣ್ಣವನ್ನು ಬ್ಲಾಟಿಂಗ್ ಪೇಪರಿನಿಂದ ಎಳೆದುಕೊಳ್ಳಿ.

ಇಡೀ ಕೋಶ ಕಡುನೀಲಿಯಾದರೆ ಬಣ್ಣ ಜಾಸ್ತಿಯಾಯಿತು, ಬದಿಯಿಂದ ಉಪ್ಪುನೀರು ಹರಿಸಿ ತೊಳೆಯಿರಿ. ಸರಿಯಾಗಿ ಬಂದರೆ ತೆಳು ನೀಲಿ ಕೋಶದ್ರವ್ಯ, ನಡುವೆ ಗಾಢ ನೀಲಿ ಕೋಶಕೇಂದ್ರ. ಮೆಥಿಲೀನ್ ಬ್ಲೂ ಕ್ಷಾರಗುಣದ ಬಣ್ಣ, ಆಮ್ಲಗುಣದ ಡಿಎನ್‌ಎ, ಆರ್‌ಎನ್‌ಎಗಳಿಗೆ ಅಂಟಿಕೊಳ್ಳುತ್ತದೆ. ಕೋಶಕ್ಕೆ ಗೋಡೆ ಇಲ್ಲದ್ದರಿಂದ ಆಕಾರ ಒಂದೇ ಸಮ ಇರುವುದಿಲ್ಲ, ಅಂಚು ಮಡಿಚಿಕೊಂಡೂ ಇರಬಹುದು. ಅಗಲ ಸುಮಾರು 0.06 ಮಿಲಿಮೀಟರ್, ಮಸೂರ_40 ಅವರ ಲೆಕ್ಕದಲ್ಲಿ 40 ಎಕ್ಸ್ ವೃತ್ತದ ಅಡ್ಡಕ್ಕೆ ಏಳು ಚಿಲ್ಲರೆ.

ಕೋಶದ ಮೇಲೆ ಪುಡಿ ಚೆಲ್ಲಿದಂತಿರುವ ಗಾಢ ಚುಕ್ಕೆಗಳನ್ನು ಮೈಟೋಕಾಂಡ್ರಿಯಾ ಎಂದು ಗುರುತಿಸಬೇಡಿ. ಅವು ಬಾಯಿಯ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕ ತಯಾರಿಸಿ ನೋಡುತ್ತಿದ್ದ ಡಚ್ಚಿನ ಲೇವನ್‌ಹುಕ್ ಹಲ್ಲಿನ ಕೊಳೆಯಲ್ಲಿ ಕಂಡ ಓಡಾಡುವ ಜೀವಿಗಳ ಬಗ್ಗೆ 1683ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ, ಈ ಚುಕ್ಕೆಗಳದ್ದೂ ಅದೇ ಬಳಗ.

ಪ್ರತಿಯೊಬ್ಬರೂ ತಮ್ಮದೇ ಬಾಯಿಯ ಮಾದರಿ ಬಳಸಬೇಕು. ಕಡ್ಡಿ, ಸ್ಲೈಡ್ ಎರಡೂ ಮುಗಿದ ತಕ್ಷಣ ಬ್ಲೀಚ್ ನೀರಿಗೆ.

ಪ್ರನಾಳ_3

ಜೊಲ್ಲಿನ ಪ್ರಯೋಗ ಕೆಡುವುದು ಮೂರು ಕಡೆ, ಮೂರೂ ಶುರುವಾಗುವ ಮುಂಚಿನವು.

ಒಂದು, ಪಿಷ್ಟದ ದ್ರಾವಣ. 1 ಗ್ರಾಂ ಪಿಷ್ಟವನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಸುರಿದು ಕಲಕಿ, 100 ಮಿಲಿಲೀಟರ್ ಮಾಡಿ. ಪೂರ್ತಿ ತಣ್ಣಗಾಗಬೇಕು. ಬಿಸಿ ಇರುವಾಗಲೇ ಜೊಲ್ಲು ಬೆರೆಸಿದರೆ ಅಮೈಲೇಸ್ (ಪಿಷ್ಟ ಒಡೆಯುವ ಜೊಲ್ಲಿನ ಕಿಣ್ವ) ಅಲ್ಲೇ ಕೆಟ್ಟುಹೋಗುತ್ತದೆ, ಅರ್ಧ ಗಂಟೆ ಕಾದರೂ ನೀಲಿ ಹೋಗುವುದಿಲ್ಲ.

ಎರಡು, ಜೊಲ್ಲಿನ ಸಾಂದ್ರತೆ. ನೇರ ಹಾಕಿದರೆ ಮೊದಲ ಹನಿ ಪರೀಕ್ಷಿಸುವಷ್ಟರಲ್ಲಿ ಪಿಷ್ಟ ಮುಗಿದಿರಬಹುದು. 1 ಭಾಗ ಜೊಲ್ಲಿಗೆ 9 ಭಾಗ ನೀರಿನಿಂದ ಶುರು ಮಾಡಿ, ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುವಂತೆ ಹೊಂದಿಸಿಕೊಳ್ಳಿ. ಒಬ್ಬರ ಜೊಲ್ಲಿನಂತೆ ಇನ್ನೊಬ್ಬರದ್ದು ಇರುವುದಿಲ್ಲ. ಅಮೈಲೇಸ್ ಜೀನಿನ ಪ್ರತಿಗಳ ಸಂಖ್ಯೆಯೇ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಹಾಗಾಗಿ ಎಲ್ಲಾ ಪ್ರನಾಳಕ್ಕೂ ಒಬ್ಬರದೇ ಜೊಲ್ಲು, ಆ ಒಬ್ಬರೇ ಅದನ್ನು ಮುಟ್ಟಲಿ.

ಮೂರು, ಹೋಲಿಕೆಯ ಪ್ರನಾಳ. ಮೂರು ಪ್ರನಾಳಕ್ಕೂ 5 ಮಿಲಿಲೀಟರ್ ಪಿಷ್ಟ. ಮೊದಲನೆಯದಕ್ಕೆ 1 ಮಿಲಿಲೀಟರ್ ದುರ್ಬಲ ಜೊಲ್ಲು, ಎರಡನೆಯದಕ್ಕೆ ಅದೇ ಜೊಲ್ಲು ಆದರೆ ಚೆನ್ನಾಗಿ ಕುದಿಸಿ ಆರಿಸಿದ್ದು, ಮೂರನೆಯದಕ್ಕೆ ಬರೀ ನೀರು. ಎರಡನೆಯದನ್ನು ಬಿಟ್ಟರೆ ಪಿಷ್ಟ ಕಿಣ್ವದಿಂದಲೇ ಒಡೆಯಿತು ಎಂದು ಹೇಳಲು ಆಧಾರ ಇರುವುದಿಲ್ಲ. ಮೂರನ್ನೂ 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಡಿ. ಬಿಳಿ ಟೈಲಿನ ಮೇಲೆ ಅಯೋಡಿನ್ ಹನಿಗಳ ಸಾಲು ಇಟ್ಟು, ನಿಮಿಷಕ್ಕೊಮ್ಮೆ ಒಂದೊಂದು ಹನಿ ಬೆರೆಸಿ. ಅಯೋಡಿನ್ ಒಣಹುಲ್ಲಿನ ಬಣ್ಣದಷ್ಟು ತೆಳುವಾಗಿರಲಿ, ಗಾಢವಾದರೆ ಕೊನೆಯ ಹಂತಗಳ ವ್ಯತ್ಯಾಸ ಮುಚ್ಚಿಹೋಗುತ್ತದೆ. ನೀಲಿ ಕಪ್ಪು, ನೇರಳೆ, ಕೆಂಗಂದು, ಕೊನೆಗೆ ಅಯೋಡಿನ್ನಿನದೇ ಹಳದಿ. ನಡುವಿನ ಕೆಂಗಂದು ಡೆಕ್ಸ್‌ಟ್ರಿನ್‌ಗಳದ್ದು, ಅಂದರೆ ಅರೆಬರೆ ಒಡೆದ ಪಿಷ್ಟದ ತುಣುಕುಗಳದ್ದು. ಪ್ರತಿ ಹನಿಗೂ ಗಾಜಿನ ಕಡ್ಡಿ ತೊಳೆಯಿರಿ. ಹಿಂದಿನ ಹನಿಯ ಅಂಟು ಉಳಿದರೆ ನೀಲಿ ಹೋಗಿದ್ದು ಮತ್ತೆ ಬಂದಂತೆ ಕಾಣುತ್ತದೆ.

ಹಳದಿ ಬಂದಿದೆ ಅಂದರೆ ಪಿಷ್ಟ ಇಲ್ಲ ಎಂದಷ್ಟೇ ಅರ್ಥ. ಸಕ್ಕರೆ ಹುಟ್ಟಿದೆ ಎಂದು ತೋರಿಸಲು ಬೆನೆಡಿಕ್ಟ್ ದ್ರಾವಣ ಹಾಕಿ ಕುದಿನೀರಿನಲ್ಲಿ ಎರಡು ಮೂರು ನಿಮಿಷ ಇಡಬೇಕು. ನೀಲಿ ಹಸಿರಾಗಿ, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪಿನ ಕಡೆ ತಿರುಗುತ್ತದೆ. ಹುಟ್ಟಿದ ಆ ಸಕ್ಕರೆ ಮಾಲ್ಟೋಸ್.

ರಸದಾನಿ

ನಾಲ್ಕನೆಯ ಪ್ರನಾಳ ಒಂದು ಸೇರಿಸಿ: ಪಿಷ್ಟ ಮತ್ತು ಜೊಲ್ಲನ್ನು ಬೇರೆಬೇರೆಯಾಗಿ ಮಂಜುಗಡ್ಡೆಯಲ್ಲಿ ತಣ್ಣಗೆ ಮಾಡಿ, ಆಮೇಲೆ ಬೆರೆಸಿ ಅಲ್ಲೇ ಇಡುವುದು. ನೀಲಿ ಬಹಳ ಹೊತ್ತು ಉಳಿಯುತ್ತದೆ. ಅದನ್ನು ಎತ್ತಿ 37 ಡಿಗ್ರಿ ನೀರಿಗಿಟ್ಟರೆ ಕೆಲಸ ಶುರು. ಕುದಿಸಿದ್ದನ್ನು ಎಷ್ಟು ಹೊತ್ತು 37ರಲ್ಲಿ ಇಟ್ಟರೂ ಶುರುವಾಗದು. ಚಳಿಯಲ್ಲಿ ಕಿಣ್ವ ನಿಧಾನಿಸುತ್ತದೆ, ಕುದಿಯಲ್ಲಿ ಅದರ ಆಕಾರವೇ ಮುರಿಯುತ್ತದೆ.

ಮಸೂರ_40

ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಸುಣ್ಣದ ತಿಳಿನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಫ್ಲಾಸ್ಕ್ ಇಟ್ಟು ಒಂದರಿಂದ ಉಸಿರು ಎಳೆದುಕೊಂಡು ಇನ್ನೊಂದಕ್ಕೆ ಬಿಡುವ ಜೋಡಣೆಯಲ್ಲಿ ನಳಿಕೆ ಅದಲುಬದಲಾದರೆ ಸುಣ್ಣದ ನೀರು ಬಾಯಿಗೇ ಬರುತ್ತದೆ. ಎಳೆಯುವ ಫ್ಲಾಸ್ಕಿನಲ್ಲಿ ಬಾಯಿಗೆ ಬರುವ ನಳಿಕೆ ದ್ರವದ ಮೇಲೇ ನಿಲ್ಲಬೇಕು, ಹೊರಗಾಳಿ ಬರುವ ನಳಿಕೆ ಮುಳುಗಿರಬೇಕು. ಬಿಡುವ ಫ್ಲಾಸ್ಕಿನಲ್ಲಿ ಬಾಯಿಯ ನಳಿಕೆ ಮುಳುಗಿರಬೇಕು. ಶುರು ಮಾಡುವ ಮೊದಲು ಖಾಲಿ ಫ್ಲಾಸ್ಕಿಗೆ ಬರೀ ನೀರು ಹಾಕಿ ಪರೀಕ್ಷಿಸಿ.

ಬಿಟ್ಟ ಉಸಿರಿನದು ಬೇಗ ಹಾಲಿನಂತಾಗುತ್ತದೆ, ಎಳೆದ ಗಾಳಿಯದು ಬಹಳ ನಿಧಾನ. ಹೊರಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 0.04% ಆಸುಪಾಸು, ಬಿಟ್ಟ ಉಸಿರಿನಲ್ಲಿ ಸುಮಾರು 4%. ಆಮ್ಲಜನಕ ಸುಮಾರು 21ರಿಂದ 16%ಗೆ ಇಳಿಯುತ್ತದೆ, ಪೂರ್ತಿ ಮುಗಿಯುವುದಿಲ್ಲ. ಹಾಲಿನಂತಾದ ಮೇಲೂ ಊದುತ್ತಾ ಹೋದರೆ ಮತ್ತೆ ತಿಳಿಯಾಗುತ್ತದೆ. ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗುತ್ತದೆ, ಪ್ರಯೋಗ ಕೆಟ್ಟಿತೆಂದು ಸುರಿದುಬಿಡಬೇಡಿ.

ಪೊರೆ_ಬಿಡಿಸೋರು

ಫೋಕಸ್ ಮೇಲೆ ಕೆಳಗೆ ಮಾಡಿದಾಗ ಕೋಶಕೇಂದ್ರ ಬಹುತೇಕ ಎಲ್ಲದರಲ್ಲೂ ಸಿಕ್ಕಿತು. ಜೊಲ್ಲಿನ ಪ್ರಯೋಗದಲ್ಲಿ ಒಂದು ಒಗಟು. ಬರೀ ಪಿಷ್ಟ ಮತ್ತು ನೀರಿನ ಪ್ರನಾಳಕ್ಕೆ ಅಯೋಡಿನ್ ಹಾಕಿದಾಗ ನೀಲಿ ಬಂತು. ಆ ಪ್ರನಾಳವನ್ನು ಬೆನೆಡಿಕ್ಟ್‌ಗೆ ಇಟ್ಟಿದ್ದ ಕುದಿನೀರಿನಲ್ಲೇ ಇಟ್ಟರೆ ನೀಲಿ ಪೂರಾ ಮಾಯ. ಜೊಲ್ಲೇ ಇಲ್ಲದೆ ಪಿಷ್ಟ ಜೀರ್ಣವಾಯಿತಾ?

ಪ್ರನಾಳ_3

ಜೀರ್ಣವಾಗಿಲ್ಲ. ಪಿಷ್ಟದ ಅಮೈಲೋಸ್ ಸರಪಳಿ ಸುರುಳಿ ಸುತ್ತಿರುತ್ತದೆ, ಆ ಸುರುಳಿಯೊಳಗೆ ಅಯೋಡಿನ್ ಸಾಲಾಗಿ ಕೂತಾಗ ಮಾತ್ರ ನೀಲಿ. ಬಿಸಿಗೆ ಸುರುಳಿಯ ಹಿಡಿತ ಸಡಿಲಿ ಅಯೋಡಿನ್ ಹೊರಬರುತ್ತದೆ. ಪ್ರನಾಳವನ್ನು ಹೊರತೆಗೆದು ತಣ್ಣೀರಿನಲ್ಲಿ ನಿಲ್ಲಿಸಿ, ತಳದಿಂದ ನೀಲಿ ವಾಪಸ್ ಏರುತ್ತದೆ. ತುಂಬಾ ಹೊತ್ತು ಕುದಿಸಿದ್ದರೆ ಅಯೋಡಿನ್ ಆವಿಯಾಗಿ ಹೋಗಿರುತ್ತದೆ, ಆಗ ಇನ್ನೊಂದು ಹನಿ ಹಾಕಬೇಕು. ಅದಕ್ಕೇ ಟೈಲಿನ ಮೇಲೆ ತಣ್ಣನೆಯ ಹನಿಗೆ ಬೆರೆಸಿ ನೋಡಿ ಎಂದಿದ್ದು, ಪ್ರನಾಳಕ್ಕೇ ಅಯೋಡಿನ್ ಸುರಿಯಬಾರದು.